ಹೊಸ್ತಿಲ ಮೇಲಿನ ರೂಪಾಯಿ

ಉಜ್ಜಿನಪ್ಪ ಡಬ್ಬಿಯನ್ನು ತೆರೆಯಲೂ ಇಲ್ಲ. ಅದರ ಪ್ಲಾಸ್ಟಿಕ್ ಹೊದಿಕೆಯ ಮೇಲೊಮ್ಮೆ ಬೆರಳಾಡಿಸಿ ಮೇಜಿನ ಆಚೆಗೆ ದೂಡಿದ.

"ಈ ವರ್ಷದಾಗ ಇದು ಎಷ್ಟನೇದು? ಹನ್ನೊಂದಾ, ಹನ್ನೆರಡಾ?"

ಮಗಳು ಅಮೃತಾಳ ಮುಖ ಸಪ್ಪಗಾಯಿತು. ಅಪ್ಪನ ಹುಟ್ಟುಹಬ್ಬಕ್ಕೆಂದು ಎರಡು ತಿಂಗಳ ಹಿಂದೆಯೇ ಟಂಕಸಾಲೆಗೆ ಬರೆದು ತರಿಸಿದ್ದಳು. "ನೂರು ರೂಪಾಯಿ ನಾಣ್ಯ ಅಪ್ಪ. ಯಾವುದೋ ಸಂಸ್ಥೆಗೆ ಎಪ್ಪತ್ತೈದು ವರ್ಷ ತುಂಬೈತಂತ."

"ತುಂಬಲಿ. ಇದನ್ನ ಕೊಟ್ರ ಸಂತ್ಯಾಗ ಒಂದು ಕಟ್ಟು ಮೆಂತ್ಯ ಬರ್ತೈತೇನು? ಯಾರ ಕೈಗೂ ಹೋಗದ್ದು ಎಂಥಾ ನಾಣ್ಯ?"

ಮಾತು ಒರಟಾಯಿತು, ನಿಜ. ಆದರೆ ಮುದುಕನ ಸಂಕಟವೂ ಸುಳ್ಳಲ್ಲ. ಮೂವತ್ನಾಲ್ಕು ವರ್ಷ ಕೊಟ್ಟೂರು–ಹಡಗಲಿ ಬಸ್ಸಿನ ಕಂಡಕ್ಟರಾಗಿದ್ದವನು. ಆಗೆಲ್ಲ ಸ್ಮಾರಕ ನಾಣ್ಯ ಬರುತ್ತಿದ್ದುದು ವರ್ಷಕ್ಕೆ ಎರಡೋ ಮೂರೋ. ಅವೂ ಕೂಲಿಗೆ ಹೋಗುವವರ, ಶೇಂಗಾ ಮೂಟೆಯವರ ಬೆವರಿದ ಕೈಯಿಂದ ನೇರ ಅವನ ಚರ್ಮದ ಚೀಲಕ್ಕೆ ಬೀಳುತ್ತಿದ್ದವು. ಬಿದ್ದದ್ದಕ್ಕೆ ಬದಲಾಗಿ ತನ್ನ ಜೇಬಿನ ರೂಪಾಯಿಯನ್ನು ಚೀಲಕ್ಕೆ ಹಾಕಿ, ಅದನ್ನು ಆಲ್ಬಮ್ಮಿಗೆ ಸೇರಿಸುತ್ತಿದ್ದ. ಕೊಂಡು ತಂದದ್ದು ಅದರೊಳಗೆ ಒಂದೂ ಇಲ್ಲ, ಅದು ಅವನ ನೇಮ. ನಿವೃತ್ತಿಯಾದ ಮೇಲೆ ಚೀಲ ಹೋಗಿ, ಮಗಳು ತರಿಸುವ ಡಬ್ಬಿಗಳು ಬಂದವು. ಕಪಾಟಿನ ಎರಡು ಅಂಕಣ ತುಂಬಿದ್ದವು.

ಆ ಆಲ್ಬಮ್ಮಿನಲ್ಲಿ ಒಂದು ಕಿಂಡಿ ಖಾಲಿ ಇತ್ತು. ಎಂಬತ್ತೆಂಟರ ಒಂದು ರೂಪಾಯಿ, ಮಳೆಯಾಶ್ರಿತ ಬೇಸಾಯದ್ದು. ಚೀಲಕ್ಕೆ ಅದು ಬಂದದ್ದು ಒಮ್ಮೆ ಮಾತ್ರ, ತುಂಬಿದ ಹಳ್ಳದ ನಡುವೆ ಬಸ್ಸು ಸಿಕ್ಕಿಕೊಂಡ ದಿನ. ದಡ ಸೇರಿದ ಗಡಿಬಿಡಿಯಲ್ಲಿ ಡ್ರೈವರ್ ಗಾದಿಲಿಂಗನಿಗೆ ಚಾ ಕುಡಿ ಎಂದು ಕೊಟ್ಟ ಚಿಲ್ಲರೆಯಲ್ಲಿ ಅದೂ ಹೋಗಿಬಿಟ್ಟಿತ್ತು. ಇವತ್ತಿಗೂ ಆ ಕಿಂಡಿ ನೋಡಿದಾಗೆಲ್ಲ ಹೊಟ್ಟೆ ಉರಿಯುತ್ತಿತ್ತು.

"ಇವತ್ತಿಗೆ ಸಾಕು. ಆಲ್ಬಮ್ಮು, ಡಬ್ಬಿ, ಎಲ್ಲಾ ಯಾರಿಗರ ಕೊಟ್ಬಿಡ್ತೀನಿ" ಎಂದವನೇ, ಆ ಹೊಸ ಡಬ್ಬಿಯನ್ನು ಕೈಚೀಲಕ್ಕೆ ಹಾಕಿಕೊಂಡು ಇಟ್ಟಿಗಿ ಬಸ್ಸು ಹತ್ತಿದ. ಅವತ್ತು ಅಲ್ಲಿ ಗಾದಿಲಿಂಗನ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವವರಿದ್ದರು. ಈ ಡಬ್ಬಿ ತೋರಿಸಿ ಗೆಳೆಯನೊಂದಿಗೆ ಒಂದಿಷ್ಟು ನಕ್ಕಾದರೂ ಬರೋಣವೆಂದು.

ಇಪ್ಪತ್ತು ವರ್ಷ ಒಂದೇ ಗಾಡಿಯಲ್ಲಿ ದುಡಿದರೂ ಗಾದಿಲಿಂಗನ ಮನೆಯನ್ನು ಅವನು ಕಂಡಿರಲಿಲ್ಲ. ಇಟ್ಟಿಗಿಯಲ್ಲಿ ಬಸ್ಸು ನಿಲ್ಲುತ್ತಿದ್ದುದೇ ಎರಡು ನಿಮಿಷ. ಈಗ ಬಾಗಿಲಿಗೆ ಬಂದು ಹೊಸ್ತಿಲು ದಾಟಲು ಕಾಲೆತ್ತಿದವನು ಎತ್ತಿದ ಕಾಲನ್ನು ಹಾಗೇ ಹಿಂದಕ್ಕಿಟ್ಟ.

ಅರಿಶಿನ ಬಳಿದ ಹೊಸ್ತಿಲಿನ ಉದ್ದಕ್ಕೂ ನಾಣ್ಯಗಳಿದ್ದವು. ಪ್ರತಿಯೊಂದರ ನಡುವೆಯೂ ಮೊಳೆ.

"ದಾಟಿ ಬರ್ರಿ ಅಣ್ಣಾರ, ಯಾಕ ನಿಂತ್ರಿ?" ಗಾದಿಲಿಂಗನ ಹೆಂಡತಿ ಹೊನ್ನೂರಮ್ಮ ಒಳಗಿನಿಂದ ಬಂದಳು.

"ಇವೇನವ್ವಾ?"

"ನಮ್ಮ ಮನಿ ಪದ್ಧತಿರೀ. ಮನಸು ತುಂಬುವಂಥದ್ದು ಏನರ ಆದ್ರ ಒಂದು ನಾಣ್ಯ ಹೊಡಿತೀವಿ." ಅವಳು ಕುಕ್ಕರಗಾಲಲ್ಲಿ ಕೂತು ಒಂದೊಂದನ್ನೇ ಮುಟ್ಟಿದಳು. "ಇದು ದೊಡ್ಡ ಮಗ ಹುಟ್ಟಿದಾಗ. ಇದು ಕರಿ ಎಮ್ಮಿ ಈದಾಗ. ಇದು ನಾನು ಆಸ್ಪತ್ರಿಯಿಂದ ತಿರುಗಿ ಮನಿಗೆ ಬಂದಾಗ. ನಲವತ್ತು ವರ್ಷಕ್ಕ ಇಷ್ಟ ನೋಡ್ರಿ, ಹದಿನಾಲ್ಕು."

ನಲವತ್ತು ವರ್ಷಕ್ಕೆ ಹದಿನಾಲ್ಕು! ಉಜ್ಜಿನಪ್ಪನೂ ಮೆಲ್ಲಗೆ ಮೊಣಕಾಲೂರಿದ. ಅವಳ ಬೆರಳು ಮೂಲೆಯ ಒಂದು ರೂಪಾಯಿಯ ಮೇಲೆ ನಿಂತಿತ್ತು. ಸವೆದ ಅಂಚಿನಲ್ಲಿ ಇಸವಿಯಷ್ಟೇ ಉಳಿದಿತ್ತು. ಎಂಬತ್ತೆಂಟು.

"ಇದು ನೀವಿಬ್ರೂ ಹಳ್ಳದಿಂದ ಜೀವಂತ ಬಂದ ದಿನದ್ದರೀ."

ಉಜ್ಜಿನಪ್ಪ ಬಗ್ಗಿ ಆ ಇಸವಿಯನ್ನೇ ನೋಡಿದ. ತಾನು ಬದುಕಿ ಉಳಿದದ್ದಕ್ಕೂ ಈ ಲೋಕದಲ್ಲಿ ಒಂದು ನಾಣ್ಯವಿದೆ. ಯಾರೋ ಮೂವತ್ತೇಳು ವರ್ಷ ಅದಕ್ಕೆ ಅರಿಶಿನ ಹಚ್ಚಿದ್ದಾರೆ. ಕಣ್ಣು ಮಂಜಾಯಿತು. ಗಾದಿಲಿಂಗ ಕೋಲೂರಿಕೊಂಡು ಬಂದು ನಿಂತದ್ದೂ ತಿಳಿಯಲಿಲ್ಲ.

"ಲೇ, ಅವತ್ತು ಚಾ ಕುಡೀಲಿಲ್ಲೇನು ನೀನು?"

"ಅವತ್ತು ಚಾ ಗಂಟಲದಾಗ ಇಳೀತಿತ್ತೇನಲೇ?" ಗಾದಿಲಿಂಗ ನಕ್ಕ. "ಕಿತ್ತು ಕೊಡ್ಲೇನು? ಇದು ಸಿಗಲಿಲ್ಲಂತ ದಿನಾ ಗೊಣಗ್ತಿದ್ದಿ. ಹೇಳಿದ್ರ ಕೇಳಿಬಿಡ್ತಿ ಅಂತ ಬಾಯಿ ಬಿಡಲಿಲ್ಲ ನಾನು."

"ಬ್ಯಾಡ. ಮುಟ್ಟಬ್ಯಾಡಲೇ ಅದನ್ನ."

ಹೊನ್ನೂರಮ್ಮನ ಕೈಯಲ್ಲಿ ಐದರ ನಾಣ್ಯವೊಂದಿತ್ತು, ಕೂಸಿನ ಹೆಸರಿನಲ್ಲಿ ಹೊಡೆಯಲಿಕ್ಕೆ. ಉಜ್ಜಿನಪ್ಪ ಕೈಚೀಲದಿಂದ ಡಬ್ಬಿ ತೆಗೆದ. ಉಗುರಿನಿಂದ ಹೊದಿಕೆ ಸೀಳಿದ. ಕೈಗವಸಿಲ್ಲದೆ ಇಂಥ ನಾಣ್ಯವನ್ನು ಅವನು ಎಂದೂ ಮುಟ್ಟಿದವನಲ್ಲ. ಈಗ ಎರಡು ಬೆರಳಲ್ಲಿ ಎತ್ತಿ ಹೊಸ್ತಿಲ ಮೇಲಿಟ್ಟ.

"ಬೆಳ್ಳಿದಲ್ಲೇನಲೇ ಇದು? ಮೊಳಿ ಹೊಡದ್ರ ಕಿಮ್ಮತ್ತೆಲ್ಲಾ ಹೋಗ್ತೈತೋ!"

"ಹೊಡಿಯಲೇ ಸುಮ್ನ."

ಗಾದಿಲಿಂಗ ಸುತ್ತಿಗೆ ಹಿಡಿದ. ನಾಣ್ಯ ಅಲುಗದಂತೆ ಉಜ್ಜಿನಪ್ಪ ಅರಿಶಿನ ಮೆತ್ತಿದ ಹೆಬ್ಬೆರಳಿನಿಂದ ಒತ್ತಿಕೊಂಡ. ನಾಲ್ಕು ಏಟಿಗೆ ಮೊಳೆ ಇಳಿಯಿತು. ಒಳಗೆ ಕೂಸು ಬೆಚ್ಚಿಬಿದ್ದು ಅತ್ತಿತು.

ಅವನು ಬೆರಳೆತ್ತಿದ. ಕನ್ನಡಿಯಂಥ ನಾಣ್ಯದ ಮೇಲೆ ಹೆಬ್ಬೆಟ್ಟಿನ ಗುರುತು ಹಳದಿಯಾಗಿ ಮೂಡಿತ್ತು. ಒರೆಸಲೆಂದು ಕೈ ತಾನಾಗಿ ಜೇಬಿನ ಕರವಸ್ತ್ರಕ್ಕೆ ಹೋಯಿತು, ಅಲ್ಲೇ ನಿಂತಿತು.