ಆಯ್ತು ಬಿಡಿ

"ಮೊದಲು ಅದರ ಮೇಲಿಂದ ಇಳೀರಿ. ಅದು ನನ್ನ ಮೇಜು!"

ಟೈಲರಮ್ಮ ಅಳತೆಯ ಟೇಪನ್ನು ಕೊರಳಲ್ಲೇ ಬಿಟ್ಟುಕೊಂಡು, ಪಕ್ಕದ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿ ಬಂದಿದ್ದಳು. ಮೇಲಿನ ಮನೆಯ ನಡುಕೋಣೆಯಲ್ಲಿ, ಕಟ್ಟಿಟ್ಟ ಗಂಟುಮೂಟೆಗಳ ನಡುವೆ, ಆ ಉದ್ದನೆಯ ಮರದ ಮೇಜಿನ ಮೇಲೆ ಎದುರು ಮನೆಯ ಬೈಂಡರ್ ಕಾಲು ಇಳಿಬಿಟ್ಟುಕೊಂಡು ಕೂತಿದ್ದ. ಹಳೆಯ ಪುಸ್ತಕಗಳಿಗೆ ರಟ್ಟು ಹಾಕುವವನು. ಬೆರಳುಗಳಲ್ಲಿ ಸದಾ ಒಣಗಿದ ಅಂಟು.

"ನಿಮ್ಮದು ಹೇಗಾಗುತ್ತೆ ಅಕ್ಕಾ? ಬೆಳಿಗ್ಗೆ ತಾನೇ ಮೇಷ್ಟ್ರ ಕೈಗೆ ದುಡ್ಡು ಕೊಟ್ಟಿದೀನಿ."

"ನಾನು ಭಾನುವಾರವೇ ಮಾತಾಡಿ ಹೋಗಿದೀನಿ. ಅವರನ್ನೇ ಕೇಳಿ."

ಮೇಷ್ಟ್ರು ಕಿಟಕಿಯ ಬಳಿ ಕುಕ್ಕರುಗಾಲಲ್ಲಿ ಕೂತು ಪುಸ್ತಕದ ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದರು. ಅವರಿಗೆ ಬೇರೆ ಊರಿಗೆ ವರ್ಗವಾಗಿತ್ತು. ಮಧ್ಯಾಹ್ನಕ್ಕೆ ಲಾರಿ ಬರುವುದಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಮಕ್ಕಳಿಗೆ ಕಲಿಸೀ ಕಲಿಸೀ ಆ ಗಾದೆಯನ್ನು ತಾವೊಬ್ಬರೇ ನಂಬಿಬಿಟ್ಟ ಮನುಷ್ಯ ಅವರು. ಶಾಲೆಯ ಗಂಟೆ ಹೊಡೆದ ಮೇಲೆ ಅವರ ಬಾಯಿಂದ ನಾಲ್ಕು ಮಾತು ಹೊರಟರೆ ಅದೇ ಹೆಚ್ಚು. ಈಗ ಇಬ್ಬರೂ ತಮ್ಮ ಕಡೆಗೇ ನೋಡುತ್ತಿರುವುದು ತಿಳಿದು ಹಗ್ಗಕ್ಕೆ ಇನ್ನೂ ಒಂದು ಗಂಟು ಹಾಕಿದರು.

ಟೈಲರಮ್ಮನಿಗೆ ಆ ಮೇಜು ಬೇಕೇ ಬೇಕಾಗಿತ್ತು. ಹದಿನಾಲ್ಕು ವರ್ಷ ನೆಲದ ಮೇಲೆ ಬಟ್ಟೆ ಹಾಸಿ, ಮಂಡಿಯೂರಿ ಕತ್ತರಿಸಿದವಳು. ಈಗ ಮೊಣಕಾಲು ಕೂತರೆ ಏಳುವುದಕ್ಕೆ ಒಪ್ಪದು, ಎದ್ದರೆ ಕೂರುವುದಕ್ಕೆ ಒಪ್ಪದು. "ನೆಲ ಬಿಡಿ, ಇಲ್ಲ ಕೆಲಸ ಬಿಡಿ," ಎಂದು ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದ್ದರು. ಅಷ್ಟುದ್ದದ ಹೊಸ ಮೇಜು ಮಾಡಿಸುವ ಮಾತು ಕನಸಿನಲ್ಲೂ ಇರಲಿಲ್ಲ. ಭಾನುವಾರ ಮೇಷ್ಟ್ರ ಹತ್ತಿರ ವ್ಯಾಪಾರ ಕುದುರಿತೆಂದು ಖುಷಿಯಲ್ಲಿ ಕೆಳಗಿಳಿದು, ಹೊಲಿಗೆ ಮಿಷನ್ನನ್ನು ಮೂಲೆಗೆ ತಳ್ಳಿ, ಕಿಟಕಿಯ ಕೆಳಗೆ ಜಾಗ ಮಾಡಿಟ್ಟಿದ್ದಳು. ಹಳೆಯ ಚಾಪೆಯನ್ನು ಸುತ್ತಿ ಯಾರಿಗೋ ಕೊಟ್ಟೂಬಿಟ್ಟಿದ್ದಳು.

"ಮೇಷ್ಟ್ರೇ, ನಾನು ನನ್ನ ರೇಟು ಹೇಳಿದೆ. ಆಗ ನೀವೇನಂದ್ರಿ?"

"ಆಯ್ತು ಬಿಡಿ ಅಂದೆ."

"ಕೇಳಿಸ್ತಾ?" ಟೈಲರಮ್ಮ ಬೈಂಡರ್ ಕಡೆಗೆ ತಿರುಗಿದಳು.

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ಅಂದ್ರೆ... ಆ ರೇಟು ಗಿಟ್ಟಲ್ಲ, ಬಿಟ್ಟುಬಿಡಿ ಅನ್ನೋ ಅರ್ಥದಲ್ಲಿ."

"ಯಾವ ಪುಸ್ತಕದಲ್ಲಿದೆ ಆ ಅರ್ಥ? ಆಯ್ತು ಅಂದ್ರೆ ಆಯ್ತು!"

"ಅರ್ಧ ಮಾತು ಹಿಡ್ಕೊಂಡು ಪೂರ್ತಿ ಮೇಜು ಕೇಳ್ತೀರಲ್ಲಕ್ಕಾ," ಎಂದ ಬೈಂಡರ್. "ಹಿಂದೇನೇ 'ಬಿಡಿ' ಅಂತಾನೂ ಬಂದಿದೆಯಲ್ಲ."

"ಇದೊಳ್ಳೆ ಕತೆ! ಅಡ್ಡಗೋಡೆ ಮೇಲೆ ದೀಪ ಇಟ್ಟವರು ಇವರು, ಕತ್ತಲು ನನ್ನ ಮನೆಗಾ?" ಟೈಲರಮ್ಮನ ದನಿ ಏರಿದ್ದೇನೋ ನಿಜ, ಆದರೆ ದುಡ್ಡು ಕೊಟ್ಟವನು ಮೇಜಿನ ಮೇಲೆ ಕೂತಿದ್ದಾನೆ; ತನ್ನ ಕೈಯಲ್ಲಿರುವುದು ಎರಡು ಶಬ್ದ ಮಾತ್ರ.

ಅಷ್ಟರಲ್ಲಿ ಅಡುಗೆಮನೆಯ ಬಾಗಿಲಲ್ಲಿ ಮೇಷ್ಟ್ರ ಹೆಂಡತಿ ಕಾಣಿಸಿಕೊಂಡರು. ಗಾಜಿನ ಲೋಟವೊಂದಕ್ಕೆ ಹಳೆಯ ಪೇಪರು ಸುತ್ತುತ್ತಾ ಆಗಿನಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದರು.

"ರೀ, ಒಂದು ಮಾತು. ನಮ್ಮಪ್ಪ ಬಂದು, 'ನನ್ನ ಮಗಳನ್ನ ಮದುವೆ ಆಗ್ತೀಯೇನಪ್ಪಾ' ಅಂತ ಕೇಳಿದಾಗ ನೀವೇನಂದ್ರಿ?"

"ಈಗ ಅದೆಲ್ಲ ಯಾಕೆ..."

"'ಆಯ್ತು ಬಿಡಿ' ಅಂದ್ರಿ. ಅಷ್ಟೇ. ನಮ್ಮಪ್ಪ ಓಡಿಬಂದು ದಿನ ಗೊತ್ತು ಮಾಡಿದರು. ಇಪ್ಪತ್ತೇಳು ವರ್ಷದಿಂದ ನಾನೂ ಅದನ್ನ ಒಪ್ಪಿಗೆ ಅಂತಲೇ ನಂಬ್ಕೊಂಡಿದೀನಿ." ಅವರು ನಗುತ್ತಲೇ ಹೇಳಿದರು, ಆದರೆ ಪೇಪರು ಸುತ್ತುವ ಕೈ ನಿಂತಿತ್ತು. "ಇವತ್ತು ಇತ್ಯರ್ಥ ಆಗಿಹೋಗಲಿ. ನಾನು ಆಯ್ತೋ, ಬಿಡಿಯೋ?"

ಮೇಜಿಗೆಂದು ಜಗಳಕ್ಕೆ ಬಂದ ಟೈಲರಮ್ಮ ಒಂದು ಗಳಿಗೆ ಮೇಜನ್ನೇ ಮರೆತಳು. ಬೈಂಡರ್ ತೂಗಾಡಿಸುತ್ತಿದ್ದ ಕಾಲು ನಿಲ್ಲಿಸಿದ. ಮೇಷ್ಟ್ರಿಗೆ ಬಾಯಲ್ಲಿ ಬಿಸಿತುಪ್ಪ ಇಟ್ಟಂತಾಯಿತು, ಉಗುಳುವಂತಿಲ್ಲ, ನುಂಗುವಂತಿಲ್ಲ. ಅವರ ಕಿವಿ ಕೆಂಪಗಾದವು.

"ಆಯ್ತು," ಎಂದರು, ಪೆಟ್ಟಿಗೆಗೆ ಹೇಳುವಂತೆ.

"ಹಾಗಾದ್ರೆ ಬಿಡಿ ಯಾಕೆ ಬಂತು?"

"ಅದು... ಬರೀ ಆಯ್ತು ಅಂದ್ರೆ ತುಂಬಾ ಆಸೆ ಇದ್ದ ಹಾಗೆ ಕಾಣುತ್ತಲ್ಲ ಅಂತ."

ಮೇಷ್ಟ್ರ ಹೆಂಡತಿ ಸುತ್ತಿದ ಲೋಟವನ್ನೇ ಮತ್ತೆ ಬಿಚ್ಚತೊಡಗಿದ್ದು ಅವರಿಗೇ ತಿಳಿದಂತಿರಲಿಲ್ಲ. ಮೊದಲು ಬಿದ್ದುಬಿದ್ದು ನಕ್ಕವನು ಬೈಂಡರ್. ನಗುತ್ತಲೇ ಮೇಜಿನಿಂದ ಜಾರಿ ಇಳಿದ.

"ತಗೊಂಡು ಹೋಗಿ ಅಕ್ಕಾ. ಈ ಮೇಜು ನನ್ನದು ಅಂದ್ರೆ ಇವರ ಮದುವೆ ರದ್ದಾಗುತ್ತೆ. ಆ ಪಾಪ ನನಗ್ಯಾಕೆ?"

ಟೈಲರಮ್ಮ ತನ್ನ ರೇಟಿನ ದುಡ್ಡು ಎಣಿಸಿಕೊಟ್ಟಳು, ಮೇಷ್ಟ್ರು ಬೈಂಡರ್‌ನ ದುಡ್ಡು ವಾಪಸು ಕೊಟ್ಟರು. ಅವರ ಹೆಂಡತಿ ಅವನಿಗೆ ಎರಡು ಪುಸ್ತಕದ ಕಪಾಟುಗಳನ್ನು ತೋರಿಸಿ, ಇವನ್ನು ನೀನು ಇಟ್ಕೋ, ದುಡ್ಡು ಬೇಡ ಎಂದರು. ಗಂಡ ಆಕ್ಷೇಪಿಸುವ ಸ್ಥಿತಿಯಲ್ಲಿರಲಿಲ್ಲ. ಮೇಜು ಇಳಿಸುವಾಗ ಹಿಮ್ಮುಖವಾಗಿ ಮೆಟ್ಟಿಲಿಳಿದವನು ಬೈಂಡರ್, ಮೇಲಿನ ತುದಿ ಹಿಡಿದವರು ಮೇಷ್ಟ್ರು. ಎಡಕ್ಕೆ, ಬಲಕ್ಕೆ, ಗೋಡೆ ಗೋಡೆ ಎಂದು ಕೂಗುವ ಕೆಲಸವನ್ನು ಟೈಲರಮ್ಮ ವಹಿಸಿಕೊಂಡಳು.

ಲಾರಿ ಹೊರಡುವ ಹೊತ್ತಿಗೆ ಅವಳು ಕಿಟಕಿಯ ಕೆಳಗಿನ ಮೇಜಿನ ಮೇಲೆ ನೀಲಿ ಪರದೆಯ ಬಟ್ಟೆ ಹಾಸಿ, ಈ ತುದಿಯಿಂದ ಆ ತುದಿಗೆ ಸೀಮೆಸುಣ್ಣದ ಗೆರೆ ಎಳೆದಿದ್ದಳು. ಕೈಬೀಸಲೆಂದು ತಲೆಯೆತ್ತಿದಳು. ಮುಂದಿನ ಸೀಟಿನಲ್ಲಿ ಮೇಷ್ಟ್ರು ಹೆಂಡತಿಯ ಕಡೆ ಬಾಗಿ ಏನೋ ಹೇಳುತ್ತಿದ್ದರು. ಆಕೆ ರಸ್ತೆಯನ್ನೇ ನೋಡುತ್ತಾ ಕೇಳಿಸಿಕೊಳ್ಳುತ್ತಿದ್ದರು. ಲಾರಿ ಬೀದಿಯ ಕೊನೆ ತಲುಪಿ ತಿರುಗುವವರೆಗೂ ಮೇಷ್ಟ್ರ ಮಾತು ಮುಗಿದಿರಲಿಲ್ಲ.

ಟೈಲರಮ್ಮ ಬಟ್ಟೆಯ ಸುಕ್ಕನ್ನು ಅಂಗೈಯಿಂದ ಸವರಿ ತೆಗೆದು, ನಿಂತುಕೊಂಡೇ ಗೆರೆಯ ಮೇಲೆ ಕತ್ತರಿ ಇಟ್ಟಳು.