ಮೂವತ್ತೆರಡು ಚೌಕಟ್ಟು

"ನಿಧಾನ ಕಣೆ, ಯಾಕೆ ಓಡ್ತೀಯ" ಎನ್ನುತ್ತ ಗಂಡ ಅವಳ ಮೊಣಕೈ ಹಿಡಿದುಕೊಂಡ. ಮದುವೆಯಾಗಿ ಇಪ್ಪತ್ತಾರು ವರ್ಷ, ಬೀದಿಯಲ್ಲಿ ಒಂದು ದಿನವೂ ಕೈ ಹಿಡಿದವನಲ್ಲ. ರಸ್ತೆ ದಾಟುವಾಗಲೂ ನಾಲ್ಕು ಹೆಜ್ಜೆ ಮುಂದೆ. ಇವತ್ತೇನಾಯಿತೋ. ಅವಳಿಗೆ ನಾಚಿಕೆಯೂ ಆಯಿತು, ಹಿತವೂ ಆಯಿತು.

ಊರಿನ ಚಿತ್ರಶಾಲೆಗಳೆಲ್ಲ ಬೆಳಗಿನವರೆಗೆ ಬಾಗಿಲು ತೆರೆದಿಡುವ ರಾತ್ರಿ ಅದು. ಗೋಡೆಗಳ ಮೇಲೆ ಬೆಳಕಿನಾಟ, ತಿರುವಿಗೊಂದು ವಾದ್ಯ, ಕಾಲಿಡಲು ಜಾಗವಿಲ್ಲದಷ್ಟು ಜನ. ಈ ಸಲ ದೊಡ್ಡ ಚಿತ್ರಶಾಲೆಯ ಮೂವತ್ತೆರಡು ಚಿತ್ರಗಳಿಗೆ ಕಟ್ಟು ಹಾಕಿದವನು ಅವಳ ಗಂಡ. ಅವನ ಕಟ್ಟು ಹಾಕುವ ಅಂಗಡಿಗೆ ಈಚೆಗೆ ಕೆಲಸವೇ ಇರಲಿಲ್ಲ. ಮೂಲೆ ಕೂಡಿಲ್ಲವೆಂದು ಗಿರಾಕಿಗಳು ಚೌಕಟ್ಟು ಮರಳಿ ತಂದಾಗಲೆಲ್ಲ "ಮನಸ್ಸೆಲ್ಲಿಟ್ಟು ಮಾಡ್ತೀರಿ?" ಎಂದು ಅವಳೇ ಗದರಿದ್ದಳು. ಇದೊಂದು ಚೆನ್ನಾಗಿ ಆದರೆ ವರ್ಷವಿಡೀ ಕೆಲಸ ಕೊಡುವುದಾಗಿ ಚಿತ್ರಶಾಲೆಯವರು ಹೇಳಿದ್ದರು.

ಒಳಗೆ ದೀಪ ಮಂದವಾಗಿತ್ತು. ಗಂಡ ಒಂದು ಕಡೆ ನಿಂತು ತಲೆಯಾಡಿಸಿದ. "ಬಣ್ಣ ನೋಡು. ನಮ್ಮ ಕಟ್ಟಿಗೆ ಹೇಗೆ ಒಪ್ಪಿದೆ."

ಅವನ ಎದುರು ಇದ್ದದ್ದು ಪರದೆ ಎಳೆದ ಕಿಟಕಿ.

ತಮಾಷೆಯೆಂದು ನಗಲು ಹೋದವಳು ಅವನ ಮುಖ ನೋಡಿದಳು. ಉಸಿರು ಹಿಡಿದು ಅವಳ ಉತ್ತರಕ್ಕೆ ಕಾಯುತ್ತಿದ್ದ. ಕತ್ತಲಾಗುವ ಮೊದಲೇ ಅಂಗಡಿ ಮುಚ್ಚುವುದು, ಚಹಾದ ಲೋಟಕ್ಕೆ ತಡಕಾಡುವುದು, ಇವತ್ತು ಮೊಣಕೈ ಹಿಡಿದದ್ದು, ಎಲ್ಲದರ ಅರ್ಥ ಒಟ್ಟಿಗೇ ತಿಳಿಯಿತು.

"ಹೂಂ ರೀ, ಒಪ್ಪಿದೆ" ಎಂದಳು. "ಈ ಕಡೆ ಬನ್ನಿ. ಇದಿನ್ನೂ ಚೆನ್ನಾಗಿದೆ."

ನಿಜವಾದ ಚಿತ್ರದ ಎದುರು ನಿಲ್ಲಿಸಿ ಅವನ ಕೈಯನ್ನು ಚೌಕಟ್ಟಿನ ಮೇಲಿಟ್ಟಳು. ಕಾವಲುಗಾರ ಎದ್ದು ಬಂದ. ಆ ಬೆರಳುಗಳನ್ನೂ, ಎಲ್ಲೋ ನೋಡುತ್ತಿದ್ದ ಕಣ್ಣುಗಳನ್ನೂ ಒಂದು ಗಳಿಗೆ ನೋಡಿದ. "ಚಿತ್ರಕ್ಕೆ ಮಾತ್ರ ಕೈ ತಾಗಿಸಬೇಡಿ ಯಜಮಾನ್ರೇ" ಎಂದವನು, ಬೆನ್ನು ತಿರುಗಿಸಿ ನಿಂತ.

"ಯಾವಾಗಿಂದ?" ಅವಳು ಮೆಲ್ಲಗೆ ಕೇಳಿದಳು.

"ಮಳೆಗಾಲಕ್ಕೂ ಮುಂಚೆಯಿಂದ. ರಾತ್ರಿ ಏನೂ ಇಲ್ಲ. ಹಗಲೂ ಮಸುಕು. ಪೂರ್ತಿ ಹೋಗುತ್ತೆ ಅಂದ್ರು ಡಾಕ್ಟ್ರು. ಔಷಧಿ ಇಲ್ವಂತೆ."

"ನನಗೆ ಹೇಳೋಕೇನಾಗಿತ್ತು?"

"ಬೈತೀಯಲ್ಲ."

ಇಬ್ಬರೂ ನಗಲಿಲ್ಲ. ಅವನ ಉಗುರು ಮರದ ಮೇಲೆ ಜಾರುತ್ತ ಹೋಗಿ ಮೂಲೆಯಲ್ಲಿ ನಿಂತಿತು. ಸಂದಿನೊಳಕ್ಕೆ ಇಳಿಯಿತು.

"ಎಲ್ಲದರಲ್ಲೂ ಹೀಗೇ ಇದೆಯಾ?"

ಅವಳು ಸುತ್ತ ನೋಡಿದಳು. ಈ ಗೋಡೆ, ಆ ಗೋಡೆ, ಬಾಗಿಲಾಚೆಯ ಕೋಣೆ. ಒಂದೊಂದು ಚೌಕಟ್ಟಿನ ಮೂಲೆಯಲ್ಲೂ ದಾರದೆಳೆಯಷ್ಟು ಕಪ್ಪು ಗೆರೆ.

"ಇಲ್ಲ ರೀ. ಇದೊಂದೇ."

ಅವನು ಪಕ್ಕದ ಚೌಕಟ್ಟಿಗೆ ಕೈ ಚಾಚಿದ. ಕೈ ಅರ್ಧದಲ್ಲೇ ನಿಂತಿತು. ಆಮೇಲೆ ಮೆಲ್ಲಗೆ ಹಿಂದೆ ಬಂದು, ಅವಳ ಮೊಣಕೈಯನ್ನು ಹುಡುಕಿತು.