ಅಪ್ಪನ ದನಿ, ಒಂದು ಲೋಟ ನೀರು

ಮಾತು ಬೆಳ್ಳಿ, ಮೌನ ಬಂಗಾರ, ಮಿಮಿಕ್ರಿ ಗಿಲೀಟು. ಗಿಲೀಟು ಕಿತ್ತುಬಂದ ನಿಜ ಕತೆ ಇದು.

"ಅಮ್ಮಾ, ನಾನು ಸದಾನಂದ. ಹೋಟ್ಲಲ್ಲಿ ರಶ್ ಉಂಟು. ನೀನು ಹೆದರ್ಬೇಡ," ಎಂದು ಮೆಟ್ಟಿಲ ಮೇಲೆ ಕೂತು ಸಂದೇಶ್ ಫೋನಿನಲ್ಲಿ ಹೇಳುತ್ತಿದ್ದಾಗ, ನಿಜವಾದ ಸದಾನಂದ, ಅವನ ಅಪ್ಪ, ಕೆಳಗೆ ನಡುಮನೆಯಲ್ಲಿ ಗಾಜಿನ ಮುಚ್ಚಳದ ಐಸ್ ಪೆಟ್ಟಿಗೆಯೊಳಗೆ ಮಲಗಿದ್ದರು. ಹೆಂಗಸರು ಸೆರಗು ಕಚ್ಚಿಕೊಂಡು ಸದ್ದಿಲ್ಲದೆ ಅಳುತ್ತಿದ್ದರು. ಮೇಲಿನ ಕೋಣೆಯಲ್ಲಿ ಹಾಸಿಗೆ ಹಿಡಿದಿದ್ದ ಅಕ್ಕು ಅಜ್ಜಿ "ಹ್ಞೂಂ" ಎಂದು ಫೋನಿಟ್ಟಳು.

"ನಂಬಿದ್ರಾ?" ದೊಡ್ಡಪ್ಪ ಭೋಜರಾಜ ಪಿಸುಗುಟ್ಟಿದರು.

"ಮಗನ ಮುಖ ನೋಡೋದು ಬೇಡ್ವಾ ಅವರಿಗೆ?" ಎಂದಳು ಸಂದೇಶನ ತಾಯಿ ಸುಮತಿ.

"ಅಮ್ಮನ ಹಾರ್ಟು ನಿಂತ್ರೆ? ಒಂದೇ ಗಾಡಿಯಲ್ಲಿ ಇಬ್ಬರನ್ನು ಕಳಿಸುದಾ? ಸ್ಮಶಾನದ ಗಾಡಿ ಮಾಧವರಂ ಬಸ್‌ಸ್ಟ್ಯಾಂಡ್ ದಾಟಿತಂತೆ. ಸೀಕ್ರಂ, ಬೇಗ ಬೇಗ ಮುಗಿಸುವ. ಆಮೇಲೆ ಮೆಲ್ಲ ಹೇಳಿದ್ರಾಯ್ತು."

*

ಪ್ಯಾರೀಸ್ ಕಾರ್ನರ್ ಪೇಟೆಯ ಹೋಟೆಲಿನಲ್ಲಿ ಸದಾನಂದ ಸಪ್ಲೈಯರ್ ಆಗಿದ್ದರು. ಗಿರಾಕಿ ಮೇಜು ಗುದ್ದಿ ಕೂಗಾಡಿದರೆ ಒಂದು ಲೋಟ ನೀರಿಟ್ಟು ಸುಮ್ಮನೆ ನಿಲ್ಲುವರು. ಕುಡಿದಾದ ಮೇಲೆ, "ನಿಮ್ಮ ದೋಸೆ ಪಕ್ಕದ ಟೇಬಲ್ಲಿಗೆ ಹೋಯ್ತು ಸಾರ್, ತಪ್ಪು ನಂದೇ" ಎನ್ನುವರು. ಅಜ್ಜ ತೀರಿದ ದಿನವೂ ಅಷ್ಟೇ. ಅಕ್ಕುವಿನ ಮುಂದೆ ಲೋಟ, ಆಮೇಲೆ, "ಅಪ್ಪ ಹೋದ್ರಮ್ಮ."

ಅಜ್ಜಿ ಹಾಸಿಗೆ ಹಿಡಿಯುವ ಮೊದಲು, ಸಂದೇಶ್ ಕಾಲೇಜಿನಿಂದ ಬಂದವನೇ ಬಾಗಿಲ ಮರೆಯಲ್ಲಿ ನಿಂತು ಅಪ್ಪನ ದನಿಯಲ್ಲಿ "ಅಮ್ಮಾ, ಕಾಫಿ!" ಎನ್ನುತ್ತಿದ್ದ. ಅಜ್ಜಿ ಲೋಟ ಹಿಡಿದು ಓಡಿಬಂದು, ಮೋಸಹೋದದ್ದಕ್ಕೆ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದಳು.

*

ಸಂದೇಶ್ ಎದ್ದು ಒಂದು ಲೋಟ ನೀರು ತುಂಬಿಕೊಂಡ.

"ಏನಾದ್ರೂ ಆದ್ರೆ ನಿನ್ನ ತಲೆಗೇ!" ಭೋಜರಾಜ ತೋಳು ಹಿಡಿದರು.

"ಆಗ್ಲಿ, ದೊಡ್ಡಪ್ಪ."

ಅರ್ಧ ನೀರು ಮೆಟ್ಟಿಲಿಗೇ ಚೆಲ್ಲಿತು. ಉಳಿದದ್ದನ್ನು ಅಜ್ಜಿಯ ಮುಂದಿಟ್ಟ. ಬಾಯಿ ತೆರೆದರೆ ಅಪ್ಪನ ದನಿಯೇ ಬಂದೀತೆಂದು ಹೆದರಿಕೆ. ಅವಳು ಲೋಟವನ್ನೇ ನೋಡಿದಳು. ಕುಡಿದಳು.

"ಅಜ್ಜಿ, ಅಪ್ಪ ಬೆಳಿಗ್ಗೆ ಹೋದ್ರು. ಕೆಳಗೆ ಮಲಗಿಸಿದ್ದೇವೆ. ಫೋನಲ್ಲಿ ಮಾತಾಡಿದ್ದು ನಾನು."

ಅವಳ ಎದೆ ಏರಿತು. ಇಳಿಯಲಿಲ್ಲ. ಸಂದೇಶ್ ಮಣಿಕಟ್ಟು ಹಿಡಿದು ಕಾದ. ಅವನ ನಾಡಿಯೋ ಅವಳದೋ, ಒಂದು ಮಾತ್ರ ಹುಚ್ಚುಹುಚ್ಚಾಗಿ ಬಡಿಯುತ್ತಿತ್ತು.

ಉಸಿರು ಇಳಿಯಿತು. "ನನ್ನ ಮಗ ಯಾವತ್ತಾದ್ರೂ 'ಹೆದರ್ಬೇಡ' ಅಂದದ್ದುಂಟಾ ಮಾರಾಯ? ಆಗಲೇ ಗೊತ್ತಾಯ್ತು. ಯಾರೂ ಹೇಳುದೇ ಇಲ್ವೇನೋ ಅಂತ ಹೆದರಿ ಕೂತಿದ್ದೆ."

ಕುರ್ಚಿಯಲ್ಲಿ ಕೂರಿಸಿ ಅವಳನ್ನು ಕೆಳಗಿಳಿಸಿದರು. ಭೋಜರಾಜ ಗೋಡೆಗೆ ಮುಖ ಮಾಡಿ ಬಿಕ್ಕಿದರು. "ಇವನಿಗೊಂದು ಲೋಟ ನೀರು ಕೊಡಿ," ಎಂದಳು ಅಜ್ಜಿ. ಆಮೇಲೆ ಗಾಜಿನ ಮೇಲೆ ಬಾಗಿ, "ಸಂದೇಶಾ, ಒಂದ್ಸಲ ಕರಿ. ಅವನ ಹಾಗೆ."

ಹೊರಗೆ ಗಾಡಿ ಬಂದು ನಿಂತಿತು.

"ಅಮ್ಮಾ, ಕಾಫಿ!"

ಅಜ್ಜಿ ನಕ್ಕಳು, ಎಲ್ಲರ ಅಳುವಿಗಿಂತ ಜೋರಾಗಿ. ಅವಳ ಉಸಿರಿಗೆ ಗಾಜು ಮಂಜಾಗಿ ಮಗನ ಮುಖ ಮರೆಯಾಯಿತು. ಸೆರಗಿನಿಂದ ಒರೆಸಿ ಮತ್ತೆ ನಕ್ಕಳು.